ಉಸ್ತಾದರ ಬಲಗೈ ಮತ್ತು ಎಣ್ಣೆಯ ಸ್ಟೇರಿಂಗು

ಶಹಾಬಾದಿನ ಕಲ್ಲುಗಣಿಯಲ್ಲಿ ಆಗ ನಾನು ಮಿಸ್ತ್ರಿ. ಯಾವ ಯಂತ್ರವನ್ನಾದರೂ ಒಮ್ಮೆ ಬಿಚ್ಚಿ ಜೋಡಿಸಿದೆನೆಂದರೆ ಅದು ನನ್ನ ಮಾತು ಕೇಳಲೇಬೇಕು. ಇದು ಜಂಬವಾದರೆ ಜಂಬವೇ ಸರಿ. ಎರಡನೆಯ ಮಹಾಯುದ್ಧದ ಲಡಾಯಿ ಮುಗಿದ ಮೇಲೆ ಫೌಜಿನವರು ಹರಾಜು ಹಾಕಿದ ಒಂದು ಭಾರಿ ಲಾರಿ ವಾಡಿ ಸ್ಟೇಷನ್ನಿನಲ್ಲಿ ಇಳಿದು ನಮ್ಮ ಗಣಿಗೆ ಬಂತು. ಸ್ಟೇರಿಂಗು ತಿರುವಿದಾಗ ಅದರ ಮುಂದಿನ ಗಾಲಿಗಳನ್ನು ಎಡಬಲಕ್ಕೆ ಹೊರಳಿಸುವುದು ಎಣ್ಣೆಯ ಒತ್ತಡ. ಅಂಥದ್ದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ.

ನಮ್ಮ ಹಿರಿಯ ಡ್ರೈವರ್ ಉಸ್ತಾದರಿಗೆ ಆ ಲಾರಿಯೇ ಕೊನೆಯ ಆಸರೆ. ಕಲ್ಲು ಬಿದ್ದು ಮುರಿದ ಅವರ ಬಲಗೈ ಕೂಡಿಕೊಂಡಿತ್ತು, ಬಲ ಮಾತ್ರ ಬಂದಿರಲಿಲ್ಲ. ಹಳೆಯ ಲಾರಿಯ ಸ್ಟೇರಿಂಗು ಅವರಿಗೆ ಬಗ್ಗುತ್ತಿರಲಿಲ್ಲ. ಆ ಕೈಯನ್ನು ಸದಾ ಕೋಟಿನ ಜೇಬಿನಲ್ಲಿ ಅಡಗಿಸಿಕೊಂಡು ತಿರುಗುತ್ತಿದ್ದರು. ಹೊಸ ಲಾರಿಯನ್ನು ಗಣಿಯ ತಳಕ್ಕೆ ಇಳಿಸಿ ತೋರಿಸಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಮನೆಗೆ ಹೋಗಲಿ ಎಂದು ಗಣಿಯ ಸಾಹೇಬರು ಹೇಳಿಬಿಟ್ಟಿದ್ದರು.

ನಾನು ಎಂಜಿನ್ನಿನ ಮುಚ್ಚಳ ತೆಗೆದು ಪಾಠ ಶುರು ಮಾಡಿದೆ. "ನೋಡ್ರಿ ಉಸ್ತಾದ್, ಎಂಜಿನ್ ಈ ಪಂಪ್ ತಿರುಗಸ್ತದ. ಪಂಪ್ ಎಣ್ಣಿ ದಬ್ಬತದ. ನೀವು ಸ್ಟೇರಿಂಗ್ ಬಲಕ್ಕ ತಿರುವಿದ್ರ ಈ ವಾಲ್ವ್ ಒಂದು ನಳಿಗಿ ದಾರಿ ಬಿಡ್ತದ, ಎಡಕ್ಕ ತಿರುವಿದ್ರ ಇನ್ನೊಂದಕ್ಕ. ಎಣ್ಣಿ ಹೋಗಿ ಪಿಸ್ಟನ್ ನೂಕ್ತದ, ಪಿಸ್ಟನ್ ಗಾಲಿ ಹೊಳ್ಳಸ್ತದ. ಕೈ ಬರೇ ಹುಕುಂ ಕೊಡೂದು, ದುಡಿಯೂದೆಲ್ಲ ಎಣ್ಣಿ."

ಉಸ್ತಾದರು ಎಂಜಿನ್ ಶುರು ಮಾಡಿ ಎರಡು ಬೆರಳಿನಿಂದ ತಿರುವಿ ನೋಡಿದರು. "ತಮ್ಮಾ, ಇದು ಭಾಳ ಹಗುರ ಅದ," ಎಂದು ನಕ್ಕರು.

ಪರೀಕ್ಷೆಯ ದಿನ ನಾನು ಪಕ್ಕದಲ್ಲಿ ಕುಳಿತಿದ್ದೆ. ಸಾಹೇಬರು ಕೆಳಗೆ ನಿಂತಿದ್ದರು. ಇಳಿಜಾರು ಬಂದದ್ದೇ ತಡ, ಉಸ್ತಾದರು ಗೇರು ತಪ್ಪಿಸಿ ಎಂಜಿನ್ ಬಂದ್ ಮಾಡಿದರು. ಲಡಾಯಿಯ ಕಾಲದಲ್ಲಿ ಪೆಟ್ರೋಲು ಸಿಗದೆ, ಇದ್ದದ್ದನ್ನು ಉಳಿಸಲೆಂದು ಡ್ರೈವರುಗಳಿಗೆಲ್ಲ ಅಂಟಿದ ಚಾಳಿ ಅದು. ಪಂಪು ನಿಂತಿತು. ಸ್ಟೇರಿಂಗು ಬೀಸುಕಲ್ಲಿನಷ್ಟು ಭಾರವಾಯಿತು. ತಿರುವು ಎದುರಿಗೇ ಇತ್ತು. "ಗೇರ್ ಹಾಕ್ರಿ, ಕ್ಲಚ್ ಬಿಡ್ರಿ," ಎನ್ನುತ್ತ ನಾನೇ ಸ್ವಿಚ್ ತಿರುವಿದೆ. ಎಂಜಿನ್ ಗುಡುಗಿ ಎದ್ದಿತು, ಸ್ಟೇರಿಂಗು ಸಡಿಲಾಯಿತು. ಲಾರಿ ಕಲ್ಲುಚೂರಿನ ರಾಶಿಗೆ ಪಕ್ಕೆ ಉಜ್ಜಿಕೊಂಡು ನಿಂತಿತು.

ಸಾಹೇಬರು ಕೆಂಡವಾಗಿ ಬಂದರು. "ನಂದೇ ತಪ್ಪು ಸಾಹೇಬ್ರ," ಎಂದು ಉಸ್ತಾದರು ತಲೆ ತಗ್ಗಿಸಿದರು. ನನಗೆ ನಾಚಿಕೆಯಾಯಿತು. ಪಂಪು, ವಾಲ್ವು, ಪಿಸ್ಟನ್ ಎಂದು ಅಷ್ಟು ವರ್ಣಿಸಿದವನು ಎಂಜಿನ್ ನಿಂತರೆ ಏನಾಗುತ್ತದೆಂಬುದನ್ನೇ ಹೇಳಿರಲಿಲ್ಲ.

"ಅವರದಲ್ರಿ, ನಂದು," ಎಂದೆ. "ಎಂಜಿನ್ ಬಂದ್ ಮಾಡಬ್ಯಾಡ್ರಿ ಅಂತ ನಾ ಹೇಳೇ ಇಲ್ಲ. ಇನ್ನೊಮ್ಮೆ ಇಳಸ್ಲಿ. ಮತ್ತ ತಪ್ಪಿದ್ರ ನನ್ನೂ ಮನಿಗಿ ಕಳಸ್ರಿ."

ಎರಡನೆಯ ಸಲ ಎಂಜಿನ್ ಗುರುಗುಡುತ್ತಲೇ ಲಾರಿ ಇಳಿಯಿತು. ತಿರುವಿನಲ್ಲಿ ಉಸ್ತಾದರ ಎಡಗೈ ಗೇರಿನ ಮೇಲಿತ್ತು. ಸ್ಟೇರಿಂಗನ್ನು ಬಲಗೈಯೊಂದೇ ತಿರುಗಿಸಿತು. ನಾಳೆಯಿಂದ ಕೆಲಸಕ್ಕೆ ಬರಲಿ ಎಂದಷ್ಟೇ ಹೇಳಿ ಸಾಹೇಬರು ಹೊರಟುಹೋದರು.

ಆಮೇಲೆ ಇಬ್ಬರೂ ಹೋಟೆಲಿಗೆ ಹೋಗಿ ಚಹಾ ತರಿಸಿದೆವು. ಆ ದಿನ ಉಸ್ತಾದರ ಬಲಗೈ ಜೇಬಿಗೆ ಹೋಗಲಿಲ್ಲ. ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿತ್ತು. ಆ ಕೈಯಿಂದಲೇ ಅವರು ನನ್ನ ಕಪ್ಪನ್ನು ನನ್ನ ಕಡೆಗೆ ಸರಿಸಿದರು.