ಗಂಗಕ್ಕ ನಂಬದ ಫೋನು

ಗಂಗಕ್ಕ ಅಟ್ಟದಿಂದ ತೆಂಗಿನಕಾಯಿ ಇಳಿಸಿ, ಕಿವಿಯ ಹತ್ತಿರ ಅಲ್ಲಾಡಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕುಳುಕುಳು ಅಂದರೆ ಒಳಗೆ ಇನ್ನೂ ನೀರಿದೆ, ಮತ್ತೆ ಅಟ್ಟಕ್ಕೆ. ಲೊಡಲೊಡ ಅಂದರೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆ, ಒಡೆಯಬಹುದು. ನೊಣವಿನಕೆರೆಯಲ್ಲಿ ಎಲ್ಲರೂ ಹೀಗೇ ನೋಡುವುದು. ಆದರೆ "ಏನಮ್ಮಾ, ಹೇಳು" ಅಂತ ಕಾಯಿಯನ್ನು ಕೇಳಿ ಆಮೇಲೆ ಅಲ್ಲಾಡಿಸುತ್ತಿದ್ದವಳು ಅವಳೊಬ್ಬಳೇ.

ತೊಂಬತ್ತರ ದಶಕದ ಕೊನೆ. ಅವಳ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಹೊಸ ಮೇಷ್ಟರು ನಾನು. ವಾರಪತ್ರಿಕೆಗಳಿಗೆ ವೈಜ್ಞಾನಿಕ ಕಥೆ ಬರೆಯುವ ಹುಚ್ಚು ಬೇರೆ. ಕಥೆ ಮುಗಿದರೆ ಮೊದಲು ಗಂಗಕ್ಕನ ಜಗಲಿಯಲ್ಲಿ ಕೂತು ಓದಿ ಹೇಳುತ್ತಿದ್ದೆ. ಬೇರೆ ಗ್ರಹದವರಿಗೆ ಮೂರು ಕಣ್ಣು ಅಂದರೆ, "ಇರ್ಲಿ ಬುಡು, ಶಿವನಿಗಿಲ್ವೇ?" ಅನ್ನುವಳು. ರಾಕೆಟ್ಟಿಗೂ ತಕರಾರಿಲ್ಲ. ಕಥೆಯಲ್ಲಿ ಫೋನು ಬಂದರೆ ಮಾತ್ರ ಮುಖ ಗಂಟಿಕ್ಕುವಳು.

"ಮಂಗಳ ಗ್ರಹದಿಂದ ಅವ್ನು ಕರೆದ, ಇವ್ಳು ಹಲೋ ಅಂದ್ಲು ಅಂತೀಯಲ್ಲ, ಅದೊಂದು ಸುಳ್ಳು ಕಣಪ್ಪ."

ಮಾತು ಅಷ್ಟು ದೂರ ಹೋಗಲು ಹೊತ್ತು ಹಿಡಿಯುತ್ತದೆ ಎಂಬುದು ಇವಳಿಗೆ ಹೊಳೆಯಿತೇ ಎಂದು ಖುಷಿಯಾಗಿ, ಬೆಳಕಿನ ವೇಗದ ಪಾಠ ಶುರುಮಾಡಿದೆ.

"ವೇಗ ತಗೊಂಡು ಏನ್ ಮಾಡ್ಲಿ? ಆ ಕಡೆಯೋರಿಗೆ ಮಾತಾಡೋ ಮನಸ್ಸು ಬೇಡ್ವಾ? ಚಿಕ್ಕನಾಯಕನಹಳ್ಳಿಯಿಂದ್ಲೇ ಉತ್ರ ಬರಲ್ಲ!"

ಚಿಕ್ಕನಾಯಕನಹಳ್ಳಿಯಲ್ಲಿದ್ದದ್ದು ಅವಳ ತಂಗಿ ಪುಟ್ಟಲಕ್ಷ್ಮಿ. ಮಗಳ ಮದುವೆಗೆ ಅಕ್ಕನನ್ನು ಫೋನಿನಲ್ಲೇ ಕರೆದುಬಿಟ್ಟಿದ್ದಳು. ಒಡಹುಟ್ಟಿದವಳು ಕುಂಕುಮದ ಬಟ್ಟಲು ಹಿಡಿದು ಹೊಸ್ತಿಲಿಗೆ ಬರಬೇಡವೇ? "ಈ ತಂತೀಲಿ ಕುಂಕುಮ ಬತ್ತದೇನೇ?" ಅಂದು ಫೋನಿಟ್ಟ ಗಂಗಕ್ಕ ಮದುವೆಗೆ ಹೋಗಲಿಲ್ಲ. ಆಮೇಲೆ ಮನಸ್ಸು ತಡೆಯದೆ ತಾನೇ ಫೋನು ಮಾಡಿದರೆ, ದನಿ ಕೇಳಿದ್ದೇ ತಂಗಿ ಇಟ್ಟುಬಿಡುತ್ತಿದ್ದಳು.

ನನಗೆ ಕುತೂಹಲ. ಗಂಗಕ್ಕ ನಂಬುವಂಥ ಫೋನೊಂದನ್ನು ಬರೆಯಲು ಆಗುವುದೇ ಇಲ್ಲವೇ? ಮುಖ ಕಾಣುವ ಫೋನು ಬರೆದೆ, ಒಪ್ಪಲಿಲ್ಲ. ಕೊನೆಗೆ ಕುಂಕುಮವನ್ನೇ ಗ್ರಹದಿಂದ ಗ್ರಹಕ್ಕೆ ಕಳಿಸುವ ಯಂತ್ರ ಬರೆದು ಗೆದ್ದೆ ಅಂದುಕೊಂಡೆ.

"ಕಳ್ಸೋದಲ್ಲ ಕಣಪ್ಪ, ತರೋದು" ಅಂದಳು.

ಕೆಲವು ವರ್ಷದ ಮೇಲೆ ನನಗೆ ತುರುವೇಕೆರೆಗೆ ವರ್ಗವಾಯಿತು. ಹೇಳಿ ಹೋಗೋಣವೆಂದು ಹೋದಾಗ ಗಂಗಕ್ಕ ಕಾಯಿ ನೋಡುತ್ತಿದ್ದಳು. ನನ್ನ ಹೊಸ ಮೊಬೈಲಿನ ಮೇಲೆ ಕಣ್ಣು ಬಿತ್ತು. "ಈಗೀಗ ನಮ್ಮನೆ ನಂಬ್ರು ಕಂಡ್ರೆ ತಂಗಿ ಎತ್ತೋದೇ ಇಲ್ಲ. ಇದ್ರಲ್ಲಿ ಕರೆದ್ರೆ ನಾನು ಅಂತ ಗೊತ್ತಾಗಲ್ಲ ಅಲ್ವಾ? ಒತ್ತು."

ಅವಳು ಹೇಳಿದ ನಂಬರು ಒತ್ತಿ ಕೊಟ್ಟೆ. "ಯಾರು?" ಅಂದಿತು ಆ ಕಡೆ. ನನಗೂ ಕೇಳುವಷ್ಟು ಜೋರು ದನಿ. ಗಂಗಕ್ಕನಿಗೆ, ಮಾತಾಡಿದರೆ ಇಟ್ಟುಬಿಡುತ್ತಾಳೆ ಎಂಬ ಭಯ. "ಯಾರ್ರೀ ಅದು?" ಗಂಗಕ್ಕ ಕೈಯಲ್ಲಿದ್ದ ಕಾಯಿಯನ್ನು ಫೋನಿನ ಬಳಿ ತಂದು ಮೆಲ್ಲಗೆ ಅಲ್ಲಾಡಿಸಿದಳು.

ಪುಟ್ಟಲಕ್ಷ್ಮಿ ಫೋನು ಇಡಲಿಲ್ಲ.

"ಇನ್ನೂ ನೀರೈತೆ ಕಣಕ್ಕಯ್ಯ. ಒಡೆದುಬಿಟ್ಟೀಯ, ಜೋಕೆ."

ಗಂಗಕ್ಕ ಕಣ್ಣು ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು. "ಇರು, ಕುಂಕುಮ ತಗೊಂಡು ನಾನೇ ಬತ್ತೀನಿ" ಅಂದವಳು ಗಂಡ ತೋಟದಿಂದ ಬರುವುದನ್ನೂ ಕಾಯದೆ ಬಸ್ಸು ಹತ್ತಿದಳು. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆ ಬಸ್ಸಿನ ಕಿಟಕಿಯಲ್ಲಿ.

ಇದನ್ನು ಹಾಗೇ ಕಥೆ ಮಾಡಿದೆ. ಎರಡು ಗ್ರಹ, ಅಕ್ಕ ತಂಗಿ, ಒಂದು ಕಾಯಿ. ಇಂಥ ಸಂಪರ್ಕ ನಂಬುವಂತಿಲ್ಲ ಎಂದು ಸಂಪಾದಕರು ವಾಪಸು ಕಳಿಸಿದರು. ಗಂಗಕ್ಕನಿಗೆ ಓದಿ ಹೇಳೋಣವೆಂದು ನೊಣವಿನಕೆರೆಗೆ ಹೋದರೆ, ಜಗಲಿಯ ಗೋಡೆಯಲ್ಲಿ ಅವಳ ಪಟಕ್ಕೆ ಹಾರ ಬಿದ್ದಿತ್ತು. ಕೆಳಗೆ ಪುಟ್ಟಲಕ್ಷ್ಮಿ ಒಬ್ಬಳೇ ಕೂತು, ಅಕ್ಕ ಅಟ್ಟಕ್ಕೆ ಹಾಕಿಹೋದ ಕಾಯಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ನೋಡುತ್ತಿದ್ದಳು.