ನಾನು ಮಲಗಿದಾಗ ಆಡಿದ ಮಾತು

ಗದಗ ಬೇರೆ ಜಿಲ್ಲೆಯಾದ ಮೇಲೆ ಹುಟ್ಟಿದವಳು ನಾನು. ಊರು ಲಕ್ಷ್ಮೇಶ್ವರ. ಪಿಯುಸಿ ಓದುವಾಗ ಮಾಳಿಗೆ ಮೇಲೆ ಒಬ್ಬಳೇ ಕೂತು ಫೋನ್ ನೋಡಿ ಫ್ರೆಂಚ್ ಕಲಿತೆ, ಆಮೇಲೆ ಒಂದಿಷ್ಟು ಜಪಾನಿ. ಆ ಹುಚ್ಚಿನಲ್ಲೇ ಜಗತ್ತಿನ ಭಾಷೆಗಳು ಮತ್ತು ಸಂಸ್ಕೃತಿಗಳು ಅನ್ನುವ ಪದವಿಗೆ ಸೇರಿದೆ. ಶಿರಹಟ್ಟಿಯ ಸೋದರಮಾವ ಕೇಳಿ ನಕ್ಕರು. "ಜಗತ್ತಿನ ಭಾಷಾ ಎಲ್ಲಾ ಕಲ್ತು ಯಾರ ಕೂಡ ಮಾತಾಡಾಕಿ? ಮನ್ಯಾಗ ಅಂತೂ ಬಾಯಿ ಬಿಡಂಗಿಲ್ಲ ನೀ."

ಬೆಟಗೇರಿಯಲ್ಲಿ ಒಂದು ಖೋಲಿ ಹಿಡಿದಿದ್ದೆ. ಹಗಲೆಲ್ಲಾ ಗದಗಿನ ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್, ಸಂಜೆ ಕ್ಲಾಸು. ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಮೊದಲಿನ ಹುರುಪು ಸೋರಿಹೋಗಿತ್ತು. ಕ್ಲಾಸಿನಲ್ಲಿ ಕೂತರೆ ಕಣ್ಣು ಮುಚ್ಚುತ್ತಿದ್ದವು, ಬಸ್ಸಿನಲ್ಲಿ ನಿಂತರೂ ಮುಚ್ಚುತ್ತಿದ್ದವು.

ಉಳಿದದ್ದು ಒಂದೇ ಕೆಲಸ. ನಮ್ಮದಲ್ಲದ ಮನೆಮಾತಿನ ಒಂದು ಕುಟುಂಬಕ್ಕೆ ಹೋಗಿ, ಅವರು ತಮ್ಮತಮ್ಮಲ್ಲಿ ಆಡುವ ಮಾತನ್ನು ಅರ್ಧ ತಾಸು ರೆಕಾರ್ಡ್ ಮಾಡಿ, ಕನ್ನಡಕ್ಕೆ ತಂದು ಕೊಡಬೇಕು. ಕದ್ದು ಮಾಡುವ ಹಾಗಿಲ್ಲ, ಅವರ ಒಪ್ಪಿಗೆ ಅದರಲ್ಲೇ ಕೇಳಿಸಬೇಕು. ತಿಂಗಳ ಕೊನೆಗೆ ಕೊಡದಿದ್ದರೆ ಮತ್ತೊಂದು ವರ್ಷ. ಇನ್ನೊಂದು ವರ್ಷ ಹೀಗೆ ಓಡಾಡುವ ಶಕ್ತಿ ನನ್ನಲ್ಲಿರಲಿಲ್ಲ. ಇದು ಆಗದಿದ್ದರೆ ಪದವಿ ಬಿಟ್ಟು ಊರಿಗೆ ಹೋಗುವುದೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ.

ಮನೆ ಹುಡುಕುವುದೇನೂ ಕಷ್ಟವಾಗಲಿಲ್ಲ. ನನ್ನ ಖೋಲಿಯ ಗೋಡೆಯಾಚೆಯೇ ನೇಕಾರರ ಮನೆ. ಚಾಚಾ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಚಾಚಿ ಮತ್ತು ಸೊಸೆ ರಾಟೆಯ ಮುಂದೆ ಕೂತು ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಅವರ ಉರ್ದು ದಿನಾ ಗೋಡೆ ದಾಟಿ ಬರುತ್ತಿತ್ತು. ಹೋಗಿ ಕೇಳಿದ ತಕ್ಷಣ ಒಪ್ಪಿದರು, ಚಹಾ ಕೊಟ್ಟರು. ನಾನು ಫೋನ್ ಒತ್ತಿ ಕೂತೆ. ಮೂವರೂ ಚೆಂದ ಕನ್ನಡದಲ್ಲಿ ಮಾತಾಡತೊಡಗಿದರು.

"ಚಾಚಿ, ನಿಮ್ಮ ಮನಿ ಮಾತು ಆಡ್ರಿ. ನಾ ಬರೂಕಿಂತ ಮುಂಚೆ ಆಡಾಕತ್ತಿದ್ರಲ್ಲ, ಅದು."

"ನೀ ಕುಂತಾಗ ಹೆಂಗ ಆಡೂದ ತಂಗಿ? ಮನಿಗೆ ಬಂದೋರ ಮುಂದ ಅವರಿಗೆ ಬರಲಾರದ ಮಾತು ಆಡಿದ್ರ, ಅವರನ್ನ ಹೊಸ್ತಲದಾಚೆ ನಿಂದರಿಸಿದಂಗ."

"ನನಗ ಅದೇ ಬೇಕಾಗೇತ್ರಿ."

"ನಿನಗ ಬೇಕು, ನಮಗ ನಾಚಿಕಿ."

ಚಾಚಾ ಕುಣಿಯೊಳಗಿಂದಲೇ ಹೇಳಿದರು: "ಆಕಿ ನನ್ನ ಬೈಯೂವಾಗ ಬಾ ತಂಗಿ. ಆವಾಗ ಆಕಿಗೆ ಯಾರು ಕುಂತಾರ ಅಂತ ಖಬರ ಇರಂಗಿಲ್ಲ."

"ಸುಮ್ನ ನೇಯಿರಿ. ಆಕಿ ಎದುರಿಗೆ ನನ್ನ ಮರ್ಯಾದಿ ತಗೀಬ್ಯಾಡ್ರಿ," ಎಂದರು ಚಾಚಿ. ಅದನ್ನೂ ಕನ್ನಡದಲ್ಲೇ.

ಮತ್ತೆ ಹೋದೆ, ಮತ್ತೆ ಅದೇ. ಗೋಡೆಯಾಚೆಯಿಂದ ಕೇಳಿ ಕೇಳಿ ನನಗೆ ಉರ್ದು ತಿಳಿಯುತ್ತದೆ ಅಂದರೂ ನಂಬಲಿಲ್ಲ. ಒಮ್ಮೆ ಅವರನ್ನು ಕೇಳಿಯೇ ಫೋನನ್ನು ಗೋಡೆಯ ಗೂಡಿನಲ್ಲಿಟ್ಟು ಹೊರಗೆ ಹೋದೆ. ರಾತ್ರಿ ಕೇಳಿದರೆ ಉದ್ದಕ್ಕೂ ಮಗ್ಗದ ಸಪ್ಪಳ, ನಡುವೆ ಸೊಸೆಯ ಒಂದು ಕನ್ನಡ ಮಾತು: "ಅತ್ತಿ, ಆಕಿ ಫೋನಿಗೆ ಚಾರ್ಜ್ ಐತೋ ಇಲ್ಲೋ?" ಫೋನನ್ನೂ ಅವರು ಮನೆಗೆ ಬಂದವರ ಲೆಕ್ಕಕ್ಕೇ ಹಿಡಿದಿದ್ದರು. ಸಿಟ್ಟು ಬರಬೇಕಿತ್ತು, ಅದಕ್ಕೂ ತ್ರಾಣವಿರಲಿಲ್ಲ.

ತಿಂಗಳ ಕೊನೆ ಹತ್ತಿರ ಬಂತು. ಆ ದಿನ ಅಂಗಡಿಯಲ್ಲಿ ಅರ್ಜಿ ತುಂಬಿಸುವವರ ಗದ್ದಲ. ಮುಂಡರಗಿ ಕಡೆಯಿಂದ ಬಂದವರು ಬಸ್ಸು ತಪ್ಪುತ್ತದೆ ಎಂದು ತಲೆ ಮೇಲೆ ನಿಂತಿದ್ದರು. ಊಟಕ್ಕೂ ಏಳಲಾಗಲಿಲ್ಲ. ಕ್ಲಾಸು ತಪ್ಪಿಸಿ ನೇರ ಚಾಚಿಯ ಮನೆಗೆ ಹೋದೆ, ಇನ್ನು ತ್ರಾಸು ಕೊಡುವುದಿಲ್ಲ, ಊರಿಗೆ ಹೋಗುತ್ತೇನೆ ಎಂದು ಹೇಳಿಬಿಡಲು. ಚಾಚಿ ಒಲೆಯ ಹತ್ತಿರ ಇದ್ದರು. ಬರಲಿ ಎಂದು ನೂಲಿನ ಗಂಟಿಗೆ ಒರಗಿ ಕೂತೆ.

ಎಚ್ಚರವಾದಾಗ ಸುತ್ತಲೂ ಉರ್ದು. ಕಣ್ಣು ತೆರೆಯಲಿಲ್ಲ. ಎಲ್ಲವೂ ತಿಳಿಯಲಿಲ್ಲ, ಅರ್ಧಕ್ಕಿಂತ ಹೆಚ್ಚು ತಿಳಿಯಿತು. ಹುಡುಗಿ ದಣಿದು ಬಂದಿದೆ, ಮೆಲ್ಲಗೆ ನೇಯಬಾರದೇ ಎಂದು ಚಾಚಿ ಚಾಚಾನಿಗೆ ಬೈಯುತ್ತಿದ್ದರು. ಮಗ್ಗಕ್ಕೆ ಮೆಲ್ಲಗೆ ಅನ್ನುವುದು ಗೊತ್ತಿಲ್ಲ, ನಿನ್ನ ಹಾಗೆ, ಎಂದರು ಚಾಚಾ. ಗೋಡೆಯಾಚೆ ಈಕೆ ಒಲೆ ಹಚ್ಚಿದ್ದೇ ಕೇಳಿಸುವುದಿಲ್ಲ, ಏನು ತಿನ್ನುತ್ತಾಳೋ, ಎಂದು ಸೊಸೆ. ಫೋನು ಕೈಯ ಕೆಳಗೇ ಇತ್ತು. ಎದ್ದು ಕೇಳಿದರೆ ಕನ್ನಡಕ್ಕೆ ತಿರುಗುತ್ತಾರೆ, ಕೇಳದೆ ಒತ್ತುವ ಹಾಗಿಲ್ಲ. ಸುಮ್ಮನೆ ಬಿದ್ದುಕೊಂಡೆ. ಎಷ್ಟೋ ದಿನಗಳ ಮೇಲೆ, ಕೇಳಿದ್ದನ್ನು ನೆನಪಿಟ್ಟುಕೊಳ್ಳಬೇಕು ಅನ್ನುವ ಕಾಟವಿಲ್ಲದೆ ಒಂದು ಭಾಷೆಯನ್ನು ಕೇಳಿದೆ.

ಚಾಚಿ ಭುಜ ಅಲುಗಾಡಿಸಿದರು. "ಉಠ್ ಗೇ ಬೇಟಿ, ಚಾ ಠಂಡಿ ಹೋರೀ." ಚಹಾ ಆರುತ್ತಿದೆ ಏಳು, ಎಂದು. ಎದ್ದು ಕೂತೆ. ಯಾರೂ ಕನ್ನಡಕ್ಕೆ ತಿರುಗಲಿಲ್ಲ. ನಾನೇ ಕೇಳಿದೆ:

"ಚಾಚಿ, ಇವತ್ತ್ಯಾಕ ನನ್ನ ಮುಂದ ನಿಮ್ಮ ಮಾತು?"

"ಬಾಯಿ ತಕ್ಕೊಂಡು ಗೊರಕಿ ಹೊಡದಾಕಿ," ಎಂದರು ಚಾಚಿ, ಅದೊಂದನ್ನು ಕನ್ನಡದಲ್ಲಿ, "ನೀ ಇನ್ನ ಮನಿಗೆ ಬಂದಾಕಿ ಎಲ್ಲಿ ಉಳದಿ?"

ಊರಿಗೆ ಹೋಗುವ ಮಾತು ಬಾಯಲ್ಲೇ ಉಳಿಯಿತು. ಮರುದಿನ ಫೋನನ್ನು ನಡುವೆ ಇಟ್ಟು ಒಪ್ಪಿಗೆ ಕೇಳಿದೆ. "ಹೌ ಹೌ, ಕರ್ ಲೇ," ಹೂಂ, ಮಾಡಿಕೋ ಎಂದು, ಚಾಚಿ ರಾಟೆಯನ್ನು ನನ್ನ ಮುಂದೆ ತಳ್ಳಿದರು. ನನಗೆ ಸುತ್ತಲು ಬರುತ್ತಿರಲಿಲ್ಲ. ನೂಲು ಹರಿಯಿತು, ಕಂಡಿಕೆ ಒಂದು ಕಡೆ ಉಬ್ಬಿತು. ಅರ್ಧ ತಾಸು ಮೂವರೂ ತಮ್ಮ ಮಾತಿನಲ್ಲಿ ನನ್ನ ಕೈಗೆ ಬೈದರು, ನಡುನಡುವೆ ತಮ್ಮಲ್ಲೇ ಜಗಳವಾಡಿದರು.

ಈ ಕೆಲಸ ಕೊಟ್ಟಿದ್ದ ಕ್ಲಾಸಿನ ಮೇಡಂ ಪೂರ್ತಿ ಕೇಳಿ ಕನ್ನಡಕ ತೆಗೆದರು. "ಇದರಾಗ ಬರೇ ನಿನಗ ಬೈದದ್ದ ಐತಲ್ಲ?"

"ಹೌದ್ರಿ ಮೇಡಂ."

"ಆತು. ಒಂದೂ ಬಿಡಲಾರದಂಗ ಕನ್ನಡಕ್ಕ ತಗೊಂಡು ಬಾ."

ಪಾಸಾದೆ. ಕೆಲಸ ಮಾತ್ರ ಅದೇ ಝೆರಾಕ್ಸ್ ಅಂಗಡಿಯದು, ದಣಿವೂ ಅದೇ. ಎಷ್ಟೋ ಸಂಜೆ ಖೋಲಿಯ ಬೀಗ ತೆಗೆಯುವ ಮೊದಲೇ ಗೋಡೆಯಾಚೆ ಹೋಗಿ ಕೂರುತ್ತೇನೆ. ಮೊನ್ನೆ ನನ್ನ ಮುರುಕು ಉರ್ದುವಿನಲ್ಲಿ ಅಂಗಡಿಯ ಗೋಳು ಹೇಳಿಕೊಳ್ಳುತ್ತಿದ್ದೆ. ಚಾಚಿ ಕೇಳುತ್ತಾ ನೂಲು ಸುತ್ತುತ್ತಿದ್ದರು. ಸೀರೆ ಒಯ್ಯಲು ಒಬ್ಬರು ಬಾಗಿಲಿಗೆ ಬಂದರು, ಹುಲಕೋಟಿ ಕಡೆಯವರು, ಹೊಸಬರು. ನಾನು ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟೆ.

"ಬರ್ರಿ, ಕುಂಡ್ರಿ," ಎಂದೆ. "ಚಾಚಾ ನಮಾಜಿಗೆ ಹೋಗ್ಯಾರ, ಈಗ ಬರ್ತಾರ."

ಉಳಿದದ್ದನ್ನು ಚಾಚಿಗೆ ಕನ್ನಡದಲ್ಲೇ ಹೇಳಿ ಮುಗಿಸಿದೆ.