ಐದು ಚೀಟಿಯ ಕಂಬಿ

ನಮ್ಮ ಕಂಪ್ಯೂಟರ್ ಮೇಡಂ ಅವರ ಬಲಗೈ ಹೆಬ್ಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳಿದ್ದವು. ಎಲ್ಲವೂ ಮೇಜಿನ ಮೇಲಿದ್ದ ಕಂಬಿ ಚುಚ್ಚಿದ ಕಲೆಗಳು. ಅಂಗಡಿಯವರು ಚೀಟಿ ಚುಚ್ಚಿಡುತ್ತಾರಲ್ಲ, ಮರದ ತುಂಡಿನ ಮೇಲೆ ನೆಟ್ಟಗೆ ನಿಂತ ಚೂಪು ಕಂಬಿ, ಅಂಥದ್ದು. ಹಾನುಬಾಳಿನ ಕಡೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಪ್ಪ ಬಿಟ್ಟುಹೋದ ಆಸ್ತಿ ಅದೊಂದೇ ಎಂದು ನಗುತ್ತಿದ್ದರು.

ಕೆಲಸದ ನಡುವೆ ಯಾರಾದರೂ ಕರೆದರೆ, ಎಲ್ಲಿ ನಿಲ್ಲಿಸಿದೆ ಎಂದು ಚೀಟಿಯಲ್ಲಿ ಬರೆದು ಕಂಬಿಗೆ ಚುಚ್ಚಿಯೇ ಏಳುತ್ತಿದ್ದರು. ಆ ಕೆಲಸದ ನಡುವೆ ಇನ್ನೊಬ್ಬರು ಬಂದರೆ ಅದರ ಮೇಲೆ ಇನ್ನೊಂದು ಚೀಟಿ. ಕೆಲಸ ಮುಗಿದಂತೆ ಮೇಲಿನದನ್ನು ಮೊದಲು ತೆಗೆದು, ಬಿಟ್ಟಲ್ಲಿಂದ ಹಿಡಿಯುತ್ತಿದ್ದರು. ಐದರ ಮೇಲೆ ಆರನೆಯದು ಚುಚ್ಚುವಂತಿಲ್ಲ. ಪ್ರಿನ್ಸಿಪಾಲರೇ ಬಾಗಿಲಲ್ಲಿ ನಿಂತರೂ, "ಐದಾಗೈತೆ ಸಾರ್, ಒಂದ್ ಇಳಿಸ್ಬುಟ್ಟು ಬತ್ತೀನಿ" ಎನ್ನುತ್ತಿದ್ದರು. ಪ್ರಿನ್ಸಿಪಾಲರು ಕಾಯುತ್ತಿದ್ದರು ಕೂಡ.

ಡಿಗ್ರಿಯ ಕೊನೆಯ ವರ್ಷ ನಾನು ನಮ್ಮ ಮನೆತನದ ವಂಶವೃಕ್ಷ ಬರೆಯುವ ಪ್ರೋಗ್ರಾಂ ಮಾಡಿದ್ದೆ. ಒಬ್ಬರ ಹೆಸರು ಕೊಟ್ಟರೆ ಅದು ಅವರ ಮಕ್ಕಳನ್ನು ಹುಡುಕಬೇಕು, ಆ ಒಬ್ಬೊಬ್ಬ ಮಗುವಿಗೂ ತನ್ನನ್ನೇ ಮತ್ತೆ ಕರೆದುಕೊಳ್ಳಬೇಕು. ಹಾಗೆ ಕರೆದಾಗಲೆಲ್ಲ, ಎಲ್ಲಿ ನಿಲ್ಲಿಸಿದೆ ಎಂದು ಕಂಪ್ಯೂಟರೂ ಒಂದು ಚೀಟಿ ಚುಚ್ಚಿಕೊಳ್ಳುತ್ತದೆ. ಅದರ ಕಂಬಿಗೆ ಸ್ಟ್ಯಾಕ್ ಎಂದು ಹೆಸರು. ನನ್ನ ಪ್ರೋಗ್ರಾಂ ಸಾವಿರ ಚೀಟಿಗೆ ಮಿತಿ ಮೀರಿತೆಂದು ಕೂಗಿ ನಿಂತಿತು. ನನಗೋ ಮೂಗಿನ ತುದಿಯಲ್ಲೇ ಕೋಪ. ಮಿತಿಯನ್ನು ಹತ್ತು ಸಾವಿರ ಮಾಡಿದೆ, ಆಮೇಲೆ ಹತ್ತು ಲಕ್ಷ. ಈ ಸಲ ಅದು ತುಟಿ ಪಿಟಕ್ಕೆನ್ನದೆ ಸತ್ತುಹೋಯಿತು.

ಮೇಡಂ ಹಣೆ ಚಚ್ಚಿಕೊಂಡರು. "ಅಲ್ವೇ ಮಾರಾಯ್ತಿ, ಮೊದ್ಲು ಹೇಳಿ ಸಾಯ್ತಿತ್ತು, ಈಗ ಹೇಳ್ದೇನೇ ಸಾಯೋ ಹಂಗೆ ಮಾಡಿದೀಯ. ಮಿತಿ ಇರೋದು ನಿನ್ನ ತಡಿಯಕ್ಕಲ್ಲ ಕಣೆ, ಏನೋ ಕೆಟ್ಟೈತೆ ಅಂತ ಹೇಳಕ್ಕೆ."

ಕಂಬಿ ಎಳೆದುಕೊಂಡು ಒಂದೊಂದೇ ಚೀಟಿ ಬರೆಸಿದರು. ಮೊದಲು ತಾತ. ಅದರ ಮೇಲೆ ತಾತನ ಮಗ, ಅಂದರೆ ಅಪ್ಪ. ಅದರ ಮೇಲೆ ಅಪ್ಪನ ಮಗ, ನನ್ನ ತಮ್ಮ. ನಮ್ಮಲ್ಲಿ ಮಾಡುವ ಹಾಗೆ ಅವನಿಗೆ ತಾತನ ಹೆಸರನ್ನೇ ಇಟ್ಟಿದ್ದರು. ಆ ಹೆಸರಿನವರ ಮಕ್ಕಳು ಯಾರು ಎಂದು ಪ್ರೋಗ್ರಾಂ ಹುಡುಕಿದರೆ ಮತ್ತೆ ಅಪ್ಪನೇ ಸಿಗುತ್ತಿದ್ದರು, ಸುತ್ತು ಮುಗಿಯುತ್ತಲೇ ಇರಲಿಲ್ಲ.

"ನಿನ್ನ ತಮ್ಮಂಗೆ ಎಷ್ಟು ವರ್ಷ?"

"ಏಳು ಮೇಡಂ."

"ಆಗ್ಲೇ ನಿಮ್ಮಪ್ಪಂಗೇ ಅಪ್ಪ ಆಗವ್ನೆ ನೋಡು!"

ಲ್ಯಾಬೇ ನಕ್ಕಿತು. ಹೆಸರಿನ ಬದಲು ಒಬ್ಬೊಬ್ಬರಿಗೂ ಒಂದೊಂದು ನಂಬರ್ ಕೊಟ್ಟೆ, ಸರಿಹೋಯಿತು.

ಮುಂದೆ ಅದೇ ಕಾಲೇಜಿಗೆ ಪಾಠ ಹೇಳಲು ಬಂದೆ. ಅವರ ಎದುರಿನ ಮೇಜು ನನ್ನದಾಯಿತು. ಹೋದ ವರ್ಷ ಪರೀಕ್ಷೆಯ ಗಡಿಬಿಡಿಯಲ್ಲಿ ಅವರು ಮೆಟ್ಟಿಲು ಹತ್ತುವಾಗ ಎದೆ ಹಿಡಿದು ನಿಲ್ಲುವುದನ್ನು ಕಂಡೆ. ಹಾಸನಕ್ಕೆ ಹೋಗಿ ತೋರಿಸಿಕೊಳ್ಳಿ ಎಂದು ಗೋಗರೆದೆ. "ಚೀಟಿ ಚುಚ್ಚಿದೀನಿ ಕಣೆ, ಸರದಿ ಬರ್ಲಿ" ಎಂದರು. ಐದೇ ತಾನೆ, ಇಳಿಯಲು ಎಷ್ಟು ದಿನ ಬೇಕು ಎಂದುಕೊಂಡು ನಾನೂ ಮತ್ತೆ ಒತ್ತಾಯಿಸಲಿಲ್ಲ. ಮುಂದಿನ ಭಾನುವಾರ ಕುಂದೂರಿನ ಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಲ್ಲೇ ಹೋಗಿಬಿಟ್ಟರು.

ಮೇಜು ಖಾಲಿ ಮಾಡುವ ಕೆಲಸ ನನಗೇ ಬಂತು. ಕಂಬಿಯಲ್ಲಿ ಒಂಬತ್ತು ಚೀಟಿಗಳಿದ್ದವು. ಮೇಲಿನ ಏಳರಲ್ಲಿ ಮಕ್ಕಳ ರೆಕಾರ್ಡು, ಅಂಕಪಟ್ಟಿ, ಅವರಿವರ ಕೆಲಸ. ಎಂಟನೆಯದು ನನ್ನ ಕೆಲಸದ್ದು: "ಅವಳ ಪ್ರಶ್ನೆಪತ್ರಿಕೆ ತಿದ್ದುತ್ತಿದ್ದೆ, ಮೂರನೇ ಪುಟ." ಎಲ್ಲಕ್ಕಿಂತ ಕೆಳಗೆ: "ಎದೆ ನೋವು. ಹಾಸನದ ಡಾಕ್ಟರಿಗೆ ಫೋನ್ ಮಾಡುತ್ತಿದ್ದೆ." ಆ ಫೋನಿನ ನಡುವೆ, ಒಂದೇ ನಿಮಿಷ ಮೇಡಂ ಎಂದು ಪ್ರಶ್ನೆಪತ್ರಿಕೆ ಹಿಡಿದು ಹೋಗಿದ್ದು ನಾನು. ಮಿತಿ ಏರಿಸಿದ್ದಕ್ಕೆ ನನ್ನನ್ನು ತಿದ್ದಿದವರು ನಮಗಾಗಿ ತಮ್ಮದನ್ನು ಐದರಿಂದ ಒಂಬತ್ತಕ್ಕೆ ಏರಿಸಿಕೊಂಡಿದ್ದರು.

ಕಂಬಿ ಈಗ ನನ್ನ ಮೇಜಿನ ಮೇಲಿದೆ. ಕೆಳಗಿನ ಆ ಎರಡು ಚೀಟಿಗಳನ್ನು ನಾನು ತೆಗೆದಿಲ್ಲ. ಹಾಗಾಗಿ ಐದರಲ್ಲಿ ನನಗೆ ಮೂರಕ್ಕೇ ಜಾಗ. ನಾಲ್ಕನೆಯವರು ಯಾರೇ ಬರಲಿ, ಬಾಗಿಲಲ್ಲಿ ನಿಲ್ಲಿಸುತ್ತೇನೆ.